ಲ್ಯಾಂಪ್ ರೂಮಿನ ಹಾಜರಿ

ಹಟ್ಟಿ ಗಣಿಯ ಲ್ಯಾಂಪ್ ರೂಮಿಗೆ ಕಿಟಕಿ ಸಣ್ಣದು.
ಮುಖ ಕಾಣೂದಿಲ್ಲ, ಕೈ ಕಾಣತಾವ.
ಕೈ ನೋಡಿ ದೀಪ ಕೊಟ್ಟವ ನಾನು,
ಇಪ್ಪತ್ತೊಂಬತ್ತು ವರ್ಷ.
ಹಿತ್ತಾಳಿ ಬಿಲ್ಲೆ ಆ ಕಡೆಯಿಂದ, ಬ್ಯಾಟರಿ ಈ ಕಡೆಯಿಂದ,
ನಡುವ ಒಂದು ಹೆಸರು.
ಅವರಪ್ಪ ಇಟ್ಟದ್ದಲ್ಲ, ನಾನಿಟ್ಟದ್ದು.

ಶಾಮಾಚಾರ್ಯರ ತೋಳು ತುಂಬ ಶಂಖ, ಚಕ್ರ.
"ಬರ್ರಿ ಪೋಸ್ಟಾಫೀಸು! ಇವತ್ತ ಠಸ್ಸೆ ಭಾಳ ಬಿದ್ದಾವ,
ರಿಜಿಸ್ಟರಾ, ಸಾದಾನಾ?"
"ರಿಜಿಸ್ಟರೋ, ನೆಟ್ಟಗ ವೈಕುಂಠಕ್ಕ,
ನಡುವ ಎಲ್ಲೂ ಇಳಿಯಂಗಿಲ್ಲ," ಅಂದವರೇ ಕೇಜು ಹತ್ತಿ
ಎರಡು ಸಾವಿರ ಅಡಿ ಇಳಿದು ಹೋಗತಿದ್ದರು.

ಮೌಲಾಸಾಬನ ಮಂದಿ ಐದು ಪಾಳಿಯವರು.
ಗಣಿಗೆ ಮೂರೇ ಪಾಳಿ.
"ಉಳಿದ ಎರಡರ ಓವರ್‌ಟೈಮು ಯಾವ ಖಜಾನೆಯಿಂದನೋ?" ಅಂದರ
"ಬಾಕಿ ಐತಿ ಅಣ್ಣಾ. ಒಮ್ಮೆಲೆ ಎಣಿಸಿ ಕೊಡ್ತಾನ."

ಅಮರೇಗೌಡ, ಒಳಜೇಬು:
ಅಂಗಿ ಮ್ಯಾಲಿಂದ ಎದಿ ಮುಟ್ಟಿ
ಲಿಂಗ ಐತೆಂದು ಖಾತ್ರಿ ಮಾಡಿಕೊಂಡೇ ದೀಪಕ್ಕ ಕೈ ಚಾಚತಿದ್ದ.
ಜೀವರತ್ನಂ, ಭಾನುವಾರದ ಇಸ್ತ್ರಿ.
ಸ್ಟೋರಿನ ಸಂಪತ್‌ರಾಜ, ಹೊತ್ತು ಮುಳುಗೂದರೊಳಗ.
"ಕೆಳಗ ಹೊತ್ತು ಹುಟ್ಟೂದೇ ಇಲ್ಲಲ್ಲೋ, ಊಟ ಹೆಂಗ?"
ಅವ ನಕ್ಕು ಡಬ್ಬಿ ಮುಚ್ಚತಿದ್ದ, ಉತ್ತರ ಕೊಡತಿರಲಿಲ್ಲ.
ಬುದ್ಧನ ದಾರಿ ಹಿಡಿದ ಹನುಮೇಶ, ನೀಲಿ ಶಾಯಿ:
ರಸೀದಿಯ ಹಿಂದಿನ ಸಣ್ಣಕ್ಷರ ಓದಿ ಮುಗಿಸೂತನಕ
ಸಹಿ ಹಾಕಾಂವಲ್ಲ,
ಹಿಂದ ನಲವತ್ತು ಮಂದಿ ಬೈದರೂ.

ಇನ್ನ ದೇವೇಂದ್ರಪ್ಪ.
ಹೆಸರಿನ್ಯಾಗ ದೇವಲೋಕದ ಮಾಲಕ, ಫಾರಮಿನ್ಯಾಗ ಬರೇ ಗೀಟು.
ಖಾಲಿ ಕಾಲಂ ಅಂತ ಕರದೆ.
ಅವನ ಸಂಘಕ್ಕ ಮೂರೇ ಮಂದಿ.
ದೇವರಿಲ್ಲ ಅನ್ನೂದಕ್ಕ ಮೂವರೂ ಒಪ್ಪತಿದ್ದರು,
ಚಹಾದ ರೊಕ್ಕ ಯಾರದು ಅನ್ನೂದಕ್ಕ ಒಬ್ಬರೂ ಒಪ್ಪತಿರಲಿಲ್ಲ.
ಅಮಾಸಿ ದಿನ ಬೇಕಂತಲೇ ಹೊಸ ಬೂಟು ಮೆಟ್ಟಿ ಬರಾಂವ.
ಕಾಲು ಕಚ್ಚಿದರ ಕುಂಟಿಕೋತ ಹೇಳಾಂವ,
"ಇದು ಚರ್ಮದ ತಪ್ಪು. ಅಮಾಸಿದಲ್ಲ."

ಒಂದು ರಾತ್ರಿ ಪಾಳಿಗೆ ಹೊಸ ಹುಡುಗ ಬಂದ.
ನನ್ನ ನೋಡಿ ಕಲಿತನೋ, ಎಲ್ಲಿ ಕಲಿತನೋ,
ಐದು ಪಾಳಿಯವರು ಕೇಜು ಹತ್ತಿದ ಮ್ಯಾಲೆ
ಅವರ ಬೆನ್ನಿಗೆ ಒಂದು ಮಾತಂದ.
ಅದನ್ನ ಇಲ್ಲಿ ಬರಿಯಂಗಿಲ್ಲ.
ಅಂದು, ನನ್ನ ಕಡೆ ನೋಡಿ ನಕ್ಕ,
ನಾನೂ ನಗತೀನಿ ಅಂತ ತಿಳಕೊಂಡು.

ಅವತ್ತ ನನ್ನ ಕೈಯಾಗಿನ ದೀಪ ಭಾರ ಆತು.
ಕಿಟಕಿಯಿಂದ ಮುಖ ಹೊರಗ ಹಾಕಿ, ಮೊದಲ ಸಲ, ಹೇಳಿದೆ:
"ತಮ್ಮಾ, ಇಟ್ಟ ಹೆಸರಿಗೆ ಒಂದು ಕಾನೂನು ಐತಿ.
ಎದುರಿಗೆ ನಿಂತು ಕರೀಬೇಕು.
ಕರಿಸಿಕೊಂಡವ 'ಓ' ಅನಬೇಕು.
'ಓ' ಬರಲಿಲ್ಲಂದ್ರ ಅದು ಹೆಸರಲ್ಲ, ಕಲ್ಲು."
ಹುಡುಗ ಬಿಲ್ಲೆ ಒಗದು ದೀಪ ಕಸಗೊಂಡು ಹೋದ.
ತಿಳೀತೋ ಇಲ್ಲೋ.
ನನಗೂ ಆ ರಾತ್ರಿ ನಿದ್ದಿ ಬರಲಿಲ್ಲ.
ಜೀವರತ್ನಂ 'ಓ' ಅಂದಿದ್ದನೇನು ಯಾವಾಗರೆ?
ಬರೇ ನಕ್ಕಿದ್ದ, ಅನಸತದ.
ನಗು ಲೆಕ್ಕಕ್ಕ ಬರತದೋ?

ರಿಟೈರಾದ ದಿನ ಹಾರ ಇಲ್ಲ, ಶಾಲು ಇಲ್ಲ, ಕಿಟಕಿ ಮಾತ್ರ.
ಎಲ್ಲ ಕೈ ಸಾಲಾಗಿ ಬಂದವು.
ಕಡೇಕ ಜೀವರತ್ನಂ ಬಗ್ಗಿ ಒಳಗ ಮುಖ ಹಾಕಿದ.
"ನಿನಗೂ ಒಂದು ಹೆಸರು ಐತಿ ಗೊತ್ತೇನು?
ಕೊರಳಾಗ ಶಿವದಾರ, ರಟ್ಟಿಗೆ ದರ್ಗಾದ ತಾಯಿತ,
ಕ್ರಿಸ್‌ಮಸ್ ಕೇಕಿಗೆ ಮೊದಲ ಗಿರಾಕಿ,
ಖಾಲಿ ಕಾಲಂ ಸಂಘದ ಅರ್ಜಿಗೂ ನಿನ್ನ ಸಹಿ.
ಎಲ್ಲರ ಮಸ್ಟರಿನ್ಯಾಗೂ ಹಾಜರಿ, ಯಾರ ಪರ್ಮನೆಂಟೂ ಅಲ್ಲ.
ಇಪ್ಪತ್ತು ವರ್ಷದಿಂದ ನೀನು ನಮಗ ಬದ್ಲಿ."

ಬೆನ್ನ ಹಿಂದ ಕರದಿದ್ದರು, ಕಾನೂನು ಮುರದಿದ್ದರು.
ಕೇಳಬೇಕಂದೆ. ಆದರ ಕೇಜಿನ ಗಂಟಿ ಹೊಡೀತು,
ತುಂಬ ಮಂದಿ ಒಮ್ಮೆಲೆ ಕೂಗಿದರು, "ಏ ಬದ್ಲೀ!"
ಯಾವ ದನಿ ಯಾರದೋ ಗುರುತು ಸಿಗಲಿಲ್ಲ.
ಕೇಜು ಇಳೀಲಿಕ್ಕೆ ಹತ್ತಿತ್ತು.
ಲಗೂನ ಅಂದೆ,
"ಓ."